ನಡುಗುವ ಕೈಗೆ ಎರಡು ಕ್ಯಾಮೆರಾ

"ಮದುವೆ ಮನೇಲಿ ಎಲ್ಲಾ ಕ್ಯಾಮೆರಾನೂ ಒಳ್ಳೇದೇ ಮೇಡಂ. ಸಾವಿನ ಮನೆಗೆ ತಗೊಂಡೋಗಿ ನೋಡಿ, ಅದರ ಬುದ್ಧಿ ಗೊತ್ತಾಗುತ್ತೆ" ಎಂದು ನನಗೆ ಮೊದಲು ಹೇಳಿದವರು ಮಂಡಿ ಮೊಹಲ್ಲಾದಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಭಾಯಿ. ಅವರು ವ್ಯಾಪಾರದ ಮಾತಾಡಿದ್ದರು, ನಾನು ನಕ್ಕು ಸುಮ್ಮನಾಗಿದ್ದೆ. ಆಮೇಲೆ ನೋಡಿ, ಒಂದು ಫಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಇಂಥವೆಲ್ಲ ನಮ್ಮನ್ನೇ ಹುಡುಕಿಕೊಂಡು ಯಾಕೆ ಬರುತ್ತವೋ ದೇವರೇ ಬಲ್ಲ.

ನಾವು ಅಂದರೆ ನಾನು ಮತ್ತು ಅಕ್ಕ. ಅಕ್ಕ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ಭಾವ ತೀರಿಹೋದ ಮೇಲೆ ಸರಸ್ವತಿಪುರಂನ ಅವರ ಸ್ಟುಡಿಯೋಗೆ ಬೀಗ ಹಾಕುವ ಮಾತು ನಡೆಯುತ್ತಿದ್ದಾಗಲೇ, ಅವರ ಕ್ಯಾಮೆರಾ ಕತ್ತಿಗೆ ತಗಲಿಸಿಕೊಂಡು ಒಂದು ನಾಮಕರಣಕ್ಕೆ ಹೊರಟುಬಿಟ್ಟವಳು ಅವಳು. ಅವತ್ತಿನಿಂದ ಅವಳು ವಿಡಿಯೋ ತೆಗೆಯುವುದು, ಇಂಗ್ಲಿಷ್ ಎಂ.ಎ. ಮಾಡಿಕೊಂಡ ನಾನು ಕಂಪ್ಯೂಟರ್ ಮುಂದೆ ಕೂತು ಕತ್ತರಿಸಿ ಅಂಟಿಸುವುದು. ಮದುವೆಗಳೆಲ್ಲ ಡ್ರೋನ್ ಹಾರಿಸುವ ಹುಡುಗರ ಪಾಲಾದವು. ನಮಗೆ ಉಳಿದದ್ದು ಸಾವು, ತಿಥಿ. ಬರಲಾಗದ ನೆಂಟರಿಗೆ ಫೋನಿನಲ್ಲಿ ಲೈವ್ ತೋರಿಸುವುದು, ಆಮೇಲೆ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುವುದು. ಒಂದು ಅನುಕೂಲ ಏನೆಂದರೆ, ಇಲ್ಲಿ ಯಾರನ್ನೂ "ಸ್ವಲ್ಪ ಸ್ಮೈಲ್ ಮಾಡಿ" ಎಂದು ಗೋಗರೆಯಬೇಕಿಲ್ಲ.

ತಿರುಗಿ ನೋಡಬಾರದು

ನಮ್ಮ ಹಳೇ ಕ್ಯಾಮೆರಾ ಪ್ರಾಣ ಬಿಟ್ಟದ್ದು ಕಾವೇರಿಯಲ್ಲಿ. ಒಂದು ಮನೆಯವರ ಅಸ್ಥಿ ವಿಸರ್ಜನೆ ತೆಗೆಯಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಮಗ ಮೊಣಕಾಲುದ್ದ ನೀರಿನಲ್ಲಿ ನಿಂತು ಮಡಕೆ ಬಿಡುತ್ತಿದ್ದಾನೆ, ಅಕ್ಕ ಕೊನೆಯ ಮೆಟ್ಟಿಲಿನ ಮೇಲೆ ನಿಂತು ತೆಗೆಯುತ್ತಿದ್ದಾಳೆ. ಅವಳ ಬಲಗೈ ಕೆಲವು ತಿಂಗಳಿಂದ ಸಣ್ಣಗೆ ನಡುಗುತ್ತಿತ್ತು. ಕಾಫಿ ಜಾಸ್ತಿಯಾಯಿತು ಎಂದು ಇಬ್ಬರೂ ಅದಕ್ಕೊಂದು ಹೆಸರಿಟ್ಟು ಸುಮ್ಮನಿದ್ದೆವು. ಅವತ್ತು ಅದು ಸಣ್ಣದಾಗಿ ಉಳಿಯಲಿಲ್ಲ. ಮಡಕೆ ಒಂದು ಕಡೆ ಮುಳುಗಿತು, ಕ್ಯಾಮೆರಾ ಇನ್ನೊಂದು ಕಡೆ.

ನಾನು "ಅಯ್ಯಯ್ಯೋ" ಎಂದು ನೀರಿನ ಕಡೆ ಬಗ್ಗಿದೆ. ಹಿಂದಿನಿಂದ ಪುರೋಹಿತರ ದನಿ: "ಹೋಗಿದ್ದು ಹೋಯ್ತು. ಯಾರೂ ತಿರುಗಿ ನೋಡ್ಬಾರ್ದು, ನಡೀರಿ ನಡೀರಿ."

"ಸ್ವಾಮಿ, ಹೋಗಿದ್ದು ನಮ್ಮ ಕ್ಯಾಮೆರಾ!"

"ಏನಾದ್ರೇನಮ್ಮ, ನೀರಿಗೆ ಬಿಟ್ಟ ಮೇಲೆ ಶಾಸ್ತ್ರ ಒಂದೇ" ಎಂದರು ಅವರು, ಒದ್ದೆ ಪಂಚೆ ಹಿಂಡಿಕೊಳ್ಳುತ್ತಾ. "ಬೇಕಾದ್ರೆ ಅದಕ್ಕೂ ಒಂದು ತರ್ಪಣ ಬಿಡಿಸ್ತೀನಿ. ಗೋತ್ರ ಹೇಳಿ."

ಇದ್ದಾರೋ ಇಲ್ವೋ

ನರದ ಡಾಕ್ಟರ ಹತ್ತಿರ ಹೋದೆವು. ಇದು ಕಾಫಿಯದ್ದಲ್ಲ, ಹೋಗುವಂಥದ್ದೂ ಅಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು ಅಷ್ಟೇ ಎಂದರು. "ಬೇರೆ ಏನಾದ್ರೂ ಕೆಲಸ ಯೋಚನೆ ಮಾಡಿ" ಎಂದೂ ಸೇರಿಸಿದರು. ಹೊರಗೆ ಬಂದ ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಬೇರೆ ಕ್ಯಾಮೆರಾ ಯೋಚನೆ ಮಾಡೋಣ ನಡಿ" ಎಂದಳು. ಆಟೋದಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದಳು: "ನೋಡು, ಮನೇಲಿ ಕೂರಿಸಿದ್ರೆ ಕೈ ಒಂದೇ ಅಲ್ಲ, ನಾನೂ ಹೋಗ್ತೀನಿ. ಆದಷ್ಟು ದಿನ ಹಿಡ್ದೇ ಹಿಡೀತೀನಿ. ಯಾರ ಮುಂದೇನೂ ಬಾಯಿ ಬಿಡಬೇಡ."

ಹೀಗಾಗಿ ನಮಗೆ ಬೇಕಾದದ್ದು ನಡುಗುವ ಕೈಗೆ ಹೊಂದುವ ಕ್ಯಾಮೆರಾ. ಭಾಯಿ ಮಿರರ್‌ಲೆಸ್ ಅನ್ನುವ ಹೊಸ ನಮೂನೆಯ ಎರಡು ಕ್ಯಾಮೆರಾ ಮುಂದಿಟ್ಟರು. ಲೆನ್ಸ್ ಬಿಟ್ಟು ಉಳಿದದ್ದಕ್ಕೆ ಅಂಗಡಿಗಳಲ್ಲಿ ಬಾಡಿ ಅನ್ನುತ್ತಾರೆ. ನಾವು ಹೋಗುವ ಮನೆಗಳಲ್ಲಿ ಆ ಮಾತು ಜೋರಾಗಿ ಆಡುವ ಹಾಗಿಲ್ಲ. ಆದ್ದರಿಂದ ಒಂದಕ್ಕೆ ಚಿಕ್ಕದು, ಇನ್ನೊಂದಕ್ಕೆ ದೊಡ್ಡದು ಎಂದೇ ಹೆಸರಿಟ್ಟೆವು. ಚಿಕ್ಕದು ಹಗುರ, ಎಲ್ಲೇ ಮುಖ ಕಂಡರೂ ಕಣ್ಣು ಹುಡುಕಿ ಹಿಡಿಯುತ್ತದೆ. ಆದರೆ ಕೈ ಅಲ್ಲಾಡಿದರೆ ಅಲ್ಲಾಡಿದ್ದನ್ನೇ ತೋರಿಸುತ್ತದೆ, ಬೇಗ ಕಾದು ಬಿಸಿಯಾಗುತ್ತದೆ ಕೂಡ. ದೊಡ್ಡದರೊಳಗೆ ಅಲ್ಲಾಟವನ್ನು ನುಂಗಿಕೊಳ್ಳುವ ವ್ಯವಸ್ಥೆಯಿದೆ, ತಣ್ಣಗಿಡಲು ಫ್ಯಾನೂ ಇದೆ. ಆದರೆ ಭಾರ. "ಸ್ಟ್ಯಾಂಡ್ ಹಾಕ್ಕೊಳ್ಳಿ" ಅನ್ನುತ್ತೀರಿ. ಸಾವಿನ ಮನೆಯ ಜನಜಂಗುಳಿಯಲ್ಲಿ ಒಮ್ಮೆ ಸ್ಟ್ಯಾಂಡ್ ಹಾಕಿ ನೋಡಿ, ಐದು ನಿಮಿಷದಲ್ಲಿ ಅದರ ಮೇಲೆ ಯಾರದೋ ಟವಲ್ ಒಣಗುತ್ತಿರುತ್ತದೆ.

ಮೊದಲು ಚಿಕ್ಕದನ್ನು ಬಾಡಿಗೆಗೆ ತಂದು ನಮ್ಮದೇ ಬಡಾವಣೆಯ ಒಂದು ಮನೆಗೆ ಹೋದೆವು. ಯಜಮಾನರನ್ನು ಹಾಲ್‌ನಲ್ಲಿ ಮಲಗಿಸಿದ್ದರು. ಮೂಗಿಗೆ ಹತ್ತಿ, ಕತ್ತಿನ ತನಕ ಹಾರ. ಕ್ಯಾಮೆರಾ ಮುಖ ಕಂಡ ಕಡೆ ಒಂದು ಹಸಿರು ಚೌಕ ಬಿಡಿಸುತ್ತದೆ. ಅದು ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಗೆ ಚೌಕ ಬಿಡಿಸಿತು, ಫ್ಯಾನಿನ ಕೆಳಗೆ ಕೂತ ಅಳಿಯನಿಗೆ ಬಿಡಿಸಿತು. ಯಜಮಾನರನ್ನು ಮಾತ್ರ ಮೂಸಿಯೂ ನೋಡಲಿಲ್ಲ. ಅಕ್ಕ ಹತ್ತಿರ ಹೋಗಿ, ಬಗ್ಗಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದು ಪ್ರಯತ್ನಿಸುತ್ತಿದ್ದಳು. ಪಕ್ಕದಲ್ಲಿದ್ದ ಸೊಸೆ ಸ್ಕ್ರೀನ್ ನೋಡುತ್ತಾ, "ಇದೇನ್ರೀ ಈ ಚೌಕ?" ಎಂದು ಕೇಳಿದಳು. ನಾನು ಓದಿದವಳಲ್ಲವೇ, ವಿವರಿಸಿದೆ: "ಜೀವ ಇರೋ ಮುಖ ಸಿಕ್ಕಿದ್ರೆ ಬರುತ್ತೆ."

ಆಗಲೇ ಯಜಮಾನರ ಮುಖದ ಮೇಲೆ ಹಸಿರು ಚೌಕ ಬಂತು.

"ಅತ್ತೇ! ಮಾವ ಇದ್ದಾರೆ!" ಸೊಸೆ ಕಿರುಚಿದಳು. ಅಳು ಥಟ್ಟನೆ ನಿಂತಿತು. ಯಾರೋ ಮೂಗಿನ ಹತ್ತಿ ಕಿತ್ತರು, ಯಾರೋ ನಾಡಿ ಹಿಡಿದರು, ಪಕ್ಕದ ಮನೆಯ ಡಾಕ್ಟರು ಲುಂಗಿಯಲ್ಲೇ ಓಡಿ ಬಂದರು. ಲೈವ್ ನೋಡುತ್ತಿದ್ದ ಯಜಮಾನರ ತಮ್ಮ ಮಂಗಳೂರಿನಿಂದ ಫೋನ್ ಮಾಡಿ, "ಅಲ್ಲೇನು ಭೂಕಂಪವಾ? ಮನೆಯೆಲ್ಲ ಅಲ್ಲಾಡ್ತಿದೆ" ಎಂದ. ಅಕ್ಕ ನನ್ನ ಮುಖ ನೋಡಿದಳು. "ಜನ ತಳ್ಳಾಡ್ತಿದಾರೆ ಸಾರ್" ಎಂದೆ. ಡಾಕ್ಟರು ಪರೀಕ್ಷೆ ಮಾಡಿ ತಲೆಯಾಡಿಸಿದರು. ಇಲ್ಲ, ಹೋಗಿದ್ದಾರೆ.

ಮೂಲೆಯಲ್ಲಿ ಕೂತಿದ್ದ ಯಜಮಾನರ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದರು: "ಕ್ಯಾಮೆರಾನ ಯಾಕೆ ಬಯ್ತೀರಾ? ಬದುಕಿದ್ದಾಗ್ಲೂ ಹಿಂಗೇ. ಇದ್ದಾರೋ ಇಲ್ವೋ ನನಗೇ ಗೊತ್ತಾಗ್ತಿರ್ಲಿಲ್ಲ."

ಸ್ಟುಡಿಯೋದವರು

ಚಿಕ್ಕದನ್ನು ಇನ್ನೊಂದು ಸಲ ನೋಡೋಣ ಎಂದಳು ಅಕ್ಕ. ಹಗುರವಾಗಿದೆ, ಅಭ್ಯಾಸವಾದರೆ ಹಿಡಿತಕ್ಕೆ ಬರಬಹುದು ಎಂಬ ಆಸೆ. ಈ ಸಲ ತೀರಿಕೊಂಡವರು ಒಬ್ಬ ಅಜ್ಜಿ. ಮಟಮಟ ಮಧ್ಯಾಹ್ನದ ಬಿಸಿಲು. ಶವಯಾತ್ರೆ ಬೀದಿಯ ಮೂಲೆಗೆ ಬಂದಾಗ ಮನೆಯ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು: "ಹೆಂಗಸರೆಲ್ಲ ಇಲ್ಲಿಗೇ ನಿಂತ್ಕಳಿ. ಮುಂದಕ್ಕೆ ಬರಂಗಿಲ್ಲ."

ನಾವೂ ನಿಂತೆವು.

"ನೀವ್ಯಾಕೆ ನಿಂತ್ರಿ? ಬನ್ನಿ, ಬನ್ನಿ. ನೀವು ಹೆಂಗಸರಲ್ಲ, ಸ್ಟುಡಿಯೋದವರು."

ಅಜ್ಜಿಯ ಮಗಳು, ಐವತ್ತು ದಾಟಿದವರು, ಮುಂದೆ ಬಂದರು. "ಚಿಕ್ಕಪ್ಪ, ಅವ್ವನ್ನ ಕಡೇ ತಂಕ ನೋಡ್ಕೊಂಡೋಳು ನಾನು. ನಾನೂ ಬರ್ತೀನಿ." ಚಿಕ್ಕಪ್ಪ ಆಕಾಶ ನೋಡಿದರು. ಪದ್ಧತಿ ಪದ್ಧತಿಯೇ.

ಅಕ್ಕ ತನ್ನ ಹೆಗಲಿನಿಂದ ಬ್ಯಾಟರಿ ಚೀಲ ಇಳಿಸಿ ಆ ಮಗಳ ಹೆಗಲಿಗೆ ಹಾಕಿದಳು. "ಹಿಡ್ಕೋಮ್ಮ. ಈಗ ನೀನೂ ಸ್ಟುಡಿಯೋದವಳು." ಚಿಕ್ಕಪ್ಪ ಅಡ್ಡ ಹಿಡಿದಿದ್ದ ಕೈ ಕೆಳಗಿಳಿಸಿದರು. ಅಷ್ಟು ಸಾಕಾಯಿತು. ಹಿರಿಯ ಸೊಸೆ ಬಂದು ನನ್ನ ಕೈಯಿಂದ ಮೈಕ್ ತಗೊಂಡಳು, ಕಿರಿಯ ಸೊಸೆ ಸ್ಟ್ಯಾಂಡ್ ಹೊತ್ತಳು, ಇನ್ನೊಬ್ಬಳು ಕ್ಯಾಮೆರಾಗೆ ಬಿಸಿಲು ತಾಗಬಾರದೆಂದು ಕೊಡೆ ಹಿಡಿದಳು, ಮೊಮ್ಮಗಳಿಗೆ ಕೊಡಲು ಏನೂ ಉಳಿಯದೆ ಲೆನ್ಸಿನ ಮುಚ್ಚಳ ಕೊಟ್ಟೆ. ಸ್ಮಶಾನದ ಗೇಟು ದಾಟುವಾಗ ಸ್ಟುಡಿಯೋದವರೇ ಜಾಸ್ತಿಯಿದ್ದರು.

ಚಿತೆಗೆ ಬೆಂಕಿ ಇಡುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಕಾದು, ಸ್ಕ್ರೀನ್ ಮೇಲೆ ಒಂದು ಥರ್ಮಾಮೀಟರ್ ಚಿತ್ರ ತೋರಿಸಿ, ಆರಿಹೋಯಿತು. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿ ಗಾಳಿ ಹಾಕಿದಳು. ಜಪ್ಪಯ್ಯ ಅಂದರೂ ಏಳಲಿಲ್ಲ. ಮಗಳು ಮಾತ್ರ ಬ್ಯಾಟರಿ ಚೀಲವನ್ನು ಎದೆಗೊತ್ತಿಕೊಂಡು ಅವ್ವನನ್ನು ಕಣ್ತುಂಬ ನೋಡುತ್ತಾ ನಿಂತಿದ್ದರು.

ಹಿಂದಿರುಗುವಾಗ ಚಿಕ್ಕಪ್ಪ ನನ್ನ ಪಕ್ಕ ಬಂದು ಕೇಳಿದರು: "ಪೂರ್ತಿ ಬಂದಿದೆಯಾ ವಿಡಿಯೋ?"

"ಇಲ್ಲ ಸಾರ್, ಕ್ಯಾಮೆರಾ ನಿಂತೋಯ್ತು."

ಅವರು ತಿರುಗಿ ಆ ಸೈನ್ಯವನ್ನೆಲ್ಲ ಒಮ್ಮೆ ನೋಡಿದರು. "ಅಲ್ಲಮ್ಮ, ಇಷ್ಟು ಜನ ಸ್ಟುಡಿಯೋದವರು ಇದ್ಕೊಂಡೂ ಒಬ್ಬರಿಗೂ ರಿಪೇರಿ ಬರಲ್ವಾ?"

ಅಣ್ಣ ಮಾತ್ರ

ಚಿಕ್ಕದನ್ನು ವಾಪಸ್ ಕೊಟ್ಟು ದೊಡ್ಡದನ್ನು ತಂದೆವು. ಒಂದು ತಿಥಿ ಮನೆ. ಫೋಟೋದ ಮುಂದೆ ಎಡೆ ಇಟ್ಟಿದ್ದರು: ಮುದ್ದೆ, ಮಟನ್ ಸಾರು, ಬೀಡಿ ಕಟ್ಟು, ತೀರಿಕೊಂಡವರಿಗೆ ಇಷ್ಟವಾದ ಕ್ವಾರ್ಟರ್ ಬಾಟ್ಲಿ. ಎಡೆ ಇಟ್ಟ ಮೇಲೆ ಹೋದವರು ಬಂದು ಉಣ್ಣುವ ತನಕ ಎಲ್ಲರೂ ಅಲ್ಲಾಡದೆ ಕೂರಬೇಕು. ಕೂತರು.

ಅಕ್ಕ ದೊಡ್ಡದನ್ನು ಎತ್ತಿದಳು. ಕೈ ನಡುಗುತ್ತಿದೆ, ಚಿತ್ರ ಮಾತ್ರ ಗೋಡೆಗೆ ಮೊಳೆ ಹೊಡೆದಂತೆ ನಿಂತಿದೆ. ಅವಳ ಮುಖ ಅರಳಿದ್ದನ್ನು ಎಷ್ಟೋ ದಿನದ ಮೇಲೆ ಕಂಡೆ.

ಸ್ವಲ್ಪ ಹೊತ್ತಿಗೆ ಹಿರಿಮಗನ ಫೋನ್ ರಿಂಗಾಯಿತು. ನಂಜನಗೂಡಿನಲ್ಲಿ ಸೊಂಟ ಮುರಿದುಕೊಂಡು ಮಲಗಿ ಲೈವ್ ನೋಡುತ್ತಿದ್ದ ಸೋದರತ್ತೆ. ಲೌಡ್‌ಸ್ಪೀಕರಿನಲ್ಲಿ ಅವರ ದನಿ: "ಏನ್ಲಾ ಇದು, ನಿಂತೋಗೈತೆ. ಯಾರೂ ಅಲ್ಲಾಡ್ತಾನೇ ಇಲ್ಲ."

"ಇಲ್ಲ ಅತ್ತೆ, ನಾವೇ ಸುಮ್ನೆ ಕೂತಿದೀವಿ."

"ಸುಳ್ಳು ಏಳ್ಬ್ಯಾಡ. ಎಂಗೆ ನಂಬದು? ಅಲ್ಲಾಡಿ ನೋಡನ."

ಹಿರಿಮಗ ಒಂದು ಕೈ ಎತ್ತಿ ಆಡಿಸಿದ. "ನೀನೊಬ್ಬ ಆಡ್ತಿದೀಯ, ಮಿಕ್ಕೋರು?" ಕಿರಿಮಗ ಆಡಿಸಿದ. ಸೊಸೆಯಂದಿರು ಆಡಿಸಿದರು. ಕೊನೆಗೆ ಮನೆಯವರೆಲ್ಲ ಎಡೆಯ ಸುತ್ತ ಕೂತು, ಕಣ್ಣಲ್ಲಿ ನೀರು ಇಟ್ಟುಕೊಂಡು, ರೈಲು ಹತ್ತಿದವರಂತೆ ಕೈ ಬೀಸುತ್ತಿದ್ದಾರೆ.

"ಈಗ ಸರೋಯ್ತು ಕಣ್ಲಾ" ಎಂದರು ಅತ್ತೆ. "ಎಲ್ಲಾರೂ ಬಂದ್ರು. ಆ ನಡುವೆ ಕೂತಿರೋ ಅಣ್ಣ ಮಾತ್ರ ಇನ್ನೂ ಅಂಗೇ ಹ್ಯಾಂಗ್ ಆಗವ್ನೆ."

ಅವತ್ತು ಪಂಕ್ತಿಯಲ್ಲಿ ಕೂತಾಗ ಅಕ್ಕನ ಕೈಗೆ ನೀರಿನ ಲೋಟ ಎತ್ತಲಾಗಲಿಲ್ಲ. ದೊಡ್ಡದರ ಭಾರ ಅಷ್ಟು ಹೊತ್ತು ಹೊತ್ತದ್ದಕ್ಕೆ ಕೈ ಮೊದಲಿಗಿಂತ ಜೋರಾಗಿ ಕುಣಿಯುತ್ತಿತ್ತು. ಸಾರು ಎಲೆಯಿಂದಾಚೆ ಚೆಲ್ಲಿತು. ಎದುರಿನವರು ನೋಡಿದರು. "ಬಿಸಿ" ಎಂದಳು ಅಕ್ಕ. ಚಿಕ್ಕದನ್ನು ಹಿಡಿಯಬಹುದು, ಚಿತ್ರ ನಿಲ್ಲದು. ದೊಡ್ಡದರಲ್ಲಿ ಚಿತ್ರ ನಿಲ್ಲುತ್ತದೆ, ಹಿಡಿಯಲಾಗದು. ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಬಂದೆವು.

ಡ್ರೈವರ್ ಸೀಟು

ಆಮೇಲೆ ಗೋಕುಲಂನಿಂದ ಒಂದು ಕರೆ. ಮಗಳ ಮನೆಯಲ್ಲಿರುವ ಒಬ್ಬ ಯಜಮಾನರು, ಸಿಟಿ ಬಸ್ ಓಡಿಸಿ ರಿಟೈರ್ ಆದವರು. ಅವರ ತಿಥಿಗೆ ವಿಡಿಯೋ ಬೇಕಂತೆ.

"ಯಾವಾಗ ತೀರ್ಕೊಂಡ್ರು?" ಎಂದೆ.

"ಇನ್ನೂ ಇಲ್ಲ ಮೇಡಂ. ಅವರೇ ಫೋನ್ ಮಾಡಿಸಿದ್ದು" ಎಂದಳು ಮಗಳು.

ಎರಡೂ ಕ್ಯಾಮೆರಾ ಹೊತ್ತುಕೊಂಡು ಹೋದೆವು. ಇದೇ ಕೊನೆಯ ಪರೀಕ್ಷೆ, ಇದರಲ್ಲೂ ಆಗದಿದ್ದರೆ ಸ್ಟುಡಿಯೋ ಬೋರ್ಡ್ ಇಳಿಸುವುದು ಎಂದು ಅಕ್ಕ ದಾರಿಯಲ್ಲೇ ಹೇಳಿದ್ದಳು. ಯಜಮಾನರು ಖಾಕಿ ಶರ್ಟ್ ತೊಟ್ಟು, ಚಕ್ರದ ಕುರ್ಚಿಯಲ್ಲಿ ತಯಾರಾಗಿ ಕೂತಿದ್ದರು. ಕುರ್ಚಿಯ ಎರಡು ಕೈಗಳ ಮೇಲೆ ಊಟಕ್ಕೆಂದು ಒಂದು ಹಲಗೆ ಜೋಡಿಸಿತ್ತು. ಅವರ ಮೈಯೆಲ್ಲ ನಡುಗುತ್ತಿತ್ತು, ಜೊತೆಗೆ ಕುರ್ಚಿಯೂ, ಹಲಗೆಯೂ.

"ಎದುರುಮನೆ ಯೋಗ ಕ್ಲಾಸಲ್ಲಿ ಫಾರಿನ್‌ನೋರು ದುಡ್ಡು ಕೊಟ್ಟು ಉಸಿರು ಹಿಡ್ಕೊಳದು ಕಲೀತಾರೆ ಕಣಮ್ಮ" ಎಂದರು. "ನಾನು ಬಿಟ್ಟಿಯಾಗಿ ಬುಡೋದು ಕಲೀತಾ ಇವ್ನಿ. ಬೇಗ ತೆಗೀರಿ."

ಸ್ಟ್ಯಾಂಡ್ ನಿಲ್ಲಿಸಿದೆ. ಬೇಡವೇ ಬೇಡ ಎಂದರು, ಕಂಬದ ಮುಂದೆ ಮಾತಾಡಲು ತಾನೇನು ರಾಜಕಾರಣಿಯಾ, ಹಿಡಿದುಕೊಂಡ ಮನುಷ್ಯರ ಮುಖ ನೋಡಿ ಮಾತಾಡಬೇಕು ಎಂದು. ಅಕ್ಕ ದೊಡ್ಡದನ್ನು ಎತ್ತಿ ನಿಂತಳು. ಯಜಮಾನರು ಅವಳ ಕೈಯನ್ನೇ ನೋಡುತ್ತಿದ್ದರು.

"ಎಷ್ಟು ದಿನ ಆಯ್ತು?"

"ಏನು ಸಾರ್?"

"ಕೈ ಕಣಮ್ಮ. ಡ್ರೈವರ್‌ಗೆ ಎಂಜಿನ್ ಸದ್ದು ಗೊತ್ತಾಗಲ್ವಾ?"

ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. "ವರ್ಷ ಆಗ್ತಾ ಬಂತು" ಎಂದಳು. ಹೊರಗಿನವರೊಬ್ಬರ ಮುಂದೆ ಅವಳು ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು.

"ನನ್ನದು ಬಸ್ಸಿನದ್ದು ಅಂದ್ಕೊಂಡಿದ್ದೆ" ಎಂದರು ಅವರು. "ಬಸ್ಸು ನಿಂತ್ಮೇಲೂ ಇದು ನಿಲ್ಲಲಿಲ್ಲ. ನೀನ್ಯಾಕೆ ಅದನ್ನ ಹೊತ್ಕೊಂಡು ನಿಂತಿದೀಯ? ತಾ, ಈ ಹಲಗೆ ಮೇಲೆ ಇಟ್ಕೊ. ಸ್ಟೂಲ್ ಎಳ್ಕೊಂಡು ಕೂತ್ಕೊ."

ಅಕ್ಕ ಸ್ಟೂಲ್ ಎಳೆದುಕೊಂಡು, ಹಲಗೆಯ ಅಂಚಿಗೆ ಕ್ಯಾಮೆರಾ ಒರಗಿಸಿ ಹಿಡಿದು ತೆಗೆದಳು. ಹಾಕಿ ತೋರಿಸಿದೆವು. ದೊಡ್ಡದು ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು: ಗೋಡೆ, ಗಡಿಯಾರ, ಕಿಟಕಿ ಎಲ್ಲ ಕಲ್ಲಿನಂತೆ ನಿಂತಿದ್ದವು, ನಡುವೆ ಅವರೊಬ್ಬರೇ ನಡುಗುತ್ತಿದ್ದರು. ಅವರು ಬಹಳ ಹೊತ್ತು ನೋಡಿದರು. ಮಗಳು ಮುಖ ತಿರುಗಿಸಿಕೊಂಡಳು.

"ಬ್ಯಾಡ" ಎಂದರು. "ಇದು ಡಾಕ್ಟರ್ ರೋಗ ತೋರ್ಸಕೆ ತೆಗೆದಂಗದೆ."

ನಮಗೆ ಇನ್ನೇನು ಉಳಿದಿತ್ತು? ಮನಸ್ಸಿಲ್ಲದ ಮನಸ್ಸಿನಿಂದ ಚಿಕ್ಕದನ್ನು ಹಲಗೆಯ ಮೇಲಿಟ್ಟೆವು. ಈ ಸಲ ಕ್ಯಾಮೆರಾವೂ ಅವರ ಜೊತೆಜೊತೆಗೇ ನಡುಗಿತು. ತೆಗೆದದ್ದನ್ನು ಹಾಕಿದರೆ, ಅವರು ಬಂಡೆಯಂತೆ ಕೂತಿದ್ದಾರೆ, ಹಿಂದೆ ಗೋಡೆ, ಗಡಿಯಾರ, ಕಿಟಕಿ ಎಲ್ಲ ಕುಲುಕಾಡುತ್ತಾ ಹೋಗುತ್ತಿವೆ.

ಯಜಮಾನರು ನಗತೊಡಗಿದರು. ಕೆಮ್ಮು ಬಂತು, ಮಗಳು ಬೆನ್ನು ನೀವಿದಳು, ಆದರೂ ನಗು ನಿಲ್ಲದು. "ನೋಡವ್ವಾ, ನೋಡು! ನಾನು ನೆಟ್ಟಗೇ ಕೂತಿವ್ನಿ. ರೋಡ್ ಸರಿ ಇಲ್ಲ!"

ಚಿಕ್ಕದರಲ್ಲಿ ಪೂರ್ತಿ ತೆಗೆಯೋಣ ಎನ್ನುವಷ್ಟರಲ್ಲಿ ಅದು ಯಥಾಪ್ರಕಾರ ಕಾದು ಆರಿತು. ಆಗ ಅಕ್ಕ ದೊಡ್ಡದನ್ನು ಮತ್ತೆ ಕೈಗೆತ್ತಿಕೊಂಡು ಅದರ ಮೆನುವಿನಲ್ಲಿ ಹುಡುಕಿ ಹುಡುಕಿ, ಅಲ್ಲಾಟ ನುಂಗುವುದನ್ನು ಆಫ್ ಮಾಡಿ, ಹಲಗೆಯ ಮೇಲಿಟ್ಟು ಪೂರ್ತಿ ವಿಡಿಯೋ ತೆಗೆದಳು. ಅಂಥದೊಂದು ಸ್ವಿಚ್ ಇದೆಯೆಂದು ಅಷ್ಟು ದಿನ ನಮಗೆ ಹೊಳೆದೇ ಇರಲಿಲ್ಲ. ಯಾರು ತಾನೇ ನಡುಕ ಬೇಕೆಂದು ಹುಡುಕುತ್ತಾರೆ? "ಇದನ್ನೇ ತಗೊಳ್ಳೋಣ ಕಣೇ" ಎಂದಳು. "ಬೇಕಾದ್ರೆ ನಿಲ್ಲುತ್ತೆ, ಬೇಡ ಅಂದ್ರೆ ನಡುಗುತ್ತೆ. ನಮಗಿಲ್ಲದ ಸ್ವಿಚ್ಚು ಅದಕ್ಕಾದ್ರೂ ಇದೆಯಲ್ಲ. ಭಾರಕ್ಕೆ ನನಗೂ ಒಂದು ಕುರ್ಚಿ, ಒಂದು ಹಲಗೆ ಮಾಡಿಸಿದ್ರಾಯ್ತು. ಯಾರು ಏನಾದ್ರೂ ಅಂದ್ಕೊಳ್ಳಲಿ."

ಆ ವಿಡಿಯೋ ಬಹಳ ಬೇಗ ಬೇಕಾಯಿತು.

ತಿಥಿಗೆ ಛತ್ರದ ತುಂಬ ಬಸ್ಸಿನವರೇ. ಪರದೆಯ ಮೇಲೆ ಯಜಮಾನರು ಖಾಕಿ ಶರ್ಟಿನಲ್ಲಿ ಗಟ್ಟಿಯಾಗಿ ಕೂತಿದ್ದಾರೆ, ಹಿಂದೆ ಲೋಕವೆಲ್ಲ ಕುಲುಕುತ್ತಿದೆ. "ಮೈಕು ಯಾರಿಗೂ ಕೊಡ್ಬ್ಯಾಡಿ. ನಮ್ಮ ಸಂಘದ ಸೆಕ್ರೆಟರಿಗಂತೂ ಕೊಡ್ಲೇಬ್ಯಾಡಿ" ಎಂದರು. ಅಷ್ಟು ಹೊತ್ತಿಗೆ ಮೈಕ್ ಹಿಡಿದು ನಿಂತಿದ್ದ ಸೆಕ್ರೆಟರಿ ಅದನ್ನು ಮೆಲ್ಲಗೆ ಕೆಳಗಿಟ್ಟರು. ರೋಡ್ ಸರಿ ಇಲ್ಲ ಎಂದಾಗ ಇಡೀ ಛತ್ರ ನಕ್ಕಿತು. ಕಡೆಗೆ ಅವರು ಸ್ವಲ್ಪ ತಡೆದು, "ಸರಿ ಕಣ್ರಪ್ಪಾ, ನನ್ನ ಸ್ಟಾಪ್ ಬಂತು. ನಾನು ಇಳ್ಕೋತೀನಿ, ನೀವು ಕೂತಿರಿ" ಎಂದರು. ಪರದೆ ಕಪ್ಪಾಯಿತು.

ಆಗ ಹಿಂದಿನ ಸಾಲಿನಿಂದ, ಅವರ ಜೊತೆ ವರ್ಷಗಟ್ಟಲೆ ದುಡಿದ ಕಂಡಕ್ಟರ್, ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡೇ ಕೂಗಿದರು: "ಲೇಯ್, ಡ್ರೈವರ್ ನೀನೇ ಇಳ್ದ್‌ಬುಟ್ರೆ ಗಾಡಿ ಯಾರ್ಲಾ ಓಡ್ಸೋರು?"

ಛತ್ರದಲ್ಲಿ ಅಳುವವರಾರು, ನಗುವವರಾರು ಎಂದು ತಿಳಿಯದಂತಾಯಿತು. ಅಕ್ಕ ತನ್ನ ಕುರ್ಚಿಯಲ್ಲಿ ಕೂತು, ಹಲಗೆಯ ಮೇಲೆ ದೊಡ್ಡದನ್ನಿಟ್ಟುಕೊಂಡು ಅದನ್ನೆಲ್ಲ ತೆಗೆಯುತ್ತಿದ್ದಳು. ಪಕ್ಕದ ಹೆಂಗಸೊಬ್ಬರು ಬಗ್ಗಿ, "ಏನ್ರೀ, ಕೈ ಹಂಗೆ ನಡುಗ್ತಿದೆ?" ಎಂದು ಕೇಳಿದರು. ಅಕ್ಕ ಈ ಸಲ ತಪ್ಪನ್ನು ಸಾರಿನ ಬಿಸಿಯ ಮೇಲೆ ಹಾಕಲಿಲ್ಲ, ತಳ್ಳಾಡುವ ಜನರ ಮೇಲೂ ಹಾಕಲಿಲ್ಲ.

"ರೋಡ್ ಸರಿ ಇಲ್ಲ ಕಣ್ರೀ" ಎಂದಳು.

ಇದನ್ನು ಓದಿ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮ ಮನೆಯಲ್ಲೋ, ಪಕ್ಕದ ಬೀದಿಯಲ್ಲೋ, ನಾಲ್ಕು ಜನರ ಮುಂದೆ ಕಾಫಿ ಲೋಟ ಎತ್ತಲು ಹಿಂಜರಿಯುವವರು ಒಬ್ಬರಾದರೂ ಇರುತ್ತಾರೆ. ರೋಡ್ ಸರಿ ಇಲ್ಲ ಅನ್ನುವ ಈ ಮಾತನ್ನು ಅವರ ಕಿವಿಗೆ ಹಾಕಿ. ಯಾರು ಹೇಳಿದ್ದು ಎಂದು ಕೇಳಿದರೆ, ಗೋಕುಲಂ ಕಡೆಯ ಒಬ್ಬ ಡ್ರೈವರ್, ಇಳಿಯುವ ಮುಂಚೆ ಹೇಳಿ ಹೋದರು ಅನ್ನಿ.